ಸಿಟಿ ಲೈಟ್ಸ್ ಸಿನಿಮಾದಲ್ಲಿ ಚಾಪ್ಲಿನ್‌ಗೆ ಬಟಾಣಿ ಹೊಡೆಯೋ ಪೇಪರ್ ಹುಡುಗ ಯಾರು? ಆಮೇಲೆ ಅವನು ಏನಾದ?

ಅಲ್ಲಿ ಇಬ್ಬರು ಹುಡುಗರಿದಾರೆ, ಅವರಲ್ಲಿ ಒಬ್ಬ ರಾಬರ್ಟ್ ಪ್ಯಾರಿಶ್. ಟೈಟಲ್ ಕಾರ್ಡಲ್ಲಿ ಹುಡುಕಬೇಡಿ, ಹೆಸರು ಹಾಕಿಲ್ಲ. ಹುಟ್ಟಿದ್ದು 1916ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಕೊಲಂಬಸ್‌ನಲ್ಲಿ, ಆಮೇಲೆ ಮನೆಯವರೆಲ್ಲ ಲಾಸ್ ಏಂಜಲೀಸ್ ಸೇರಿದ್ರು, ಆ ಕಾಲದಲ್ಲಿ ಆ ಊರಲ್ಲಿ ಬೆಳೆಯೋ ಮಕ್ಕಳಿಗೆ ಎಕ್ಸ್‌ಟ್ರಾ ಆಗಿ ನಾಲ್ಕು ಕಾಸು ಸಂಪಾದಿಸೋದು ದೊಡ್ಡ ವಿಷಯ ಏನಲ್ಲ. ಇವನೂ ಅಲ್ಲಿ ಇಲ್ಲಿ ಚಿಲ್ಲರೆ ಪಾತ್ರ ಮಾಡ್ತಾ ಇದ್ದ, ಹಂಗೇ ಚಾಪ್ಲಿನ್ ಸ್ಟುಡಿಯೋಗೂ ಬಂದ.

ನೀವು ಕೇಳಿರೋ ಸೀನ್ ಕೊನೇದು. ಟ್ರ್ಯಾಂಪ್, ಅಂದ್ರೆ ಚಾಪ್ಲಿನ್ ಮಾಡೋ ಅಲೆಮಾರಿ ಪಾತ್ರ, ಜೈಲಿಂದ ಹೊರಗೆ ಬಂದಿದಾನೆ, ಬಟ್ಟೆ ಎಲ್ಲ ಚಿಂದಿ, ಮುಂಚೆ ಇದ್ದ ಠೀವಿ ಪೂರ್ತಿ ಇಳಿದು ಹೋಗಿದೆ. ಮೂಲೇಲಿ ನಿಂತಿರೋ ಈ ಪೇಪರ್ ಹುಡುಗರು ಕೊಳವೆ ಬಾಯಿಗಿಟ್ಟು ಬಟಾಣಿ ಊದಿ ಹೊಡೀತಾರೆ (ನಮ್ಮ ಹಳ್ಳಿ ಕಡೆ ಪೆಟ್ಲು ಇರುತ್ತಲ್ಲ, ಅದರ ದಾಯಾದಿ ಅನ್ಕೊಳ್ಳಿ, ಆದ್ರೆ ಇದನ್ನ ಊದಬೇಕು). ಸಾಲದು ಅಂತ ಪ್ಯಾಂಟ್ ಹಿಂದೆ ಹರಿದ ತೂತಲ್ಲಿ ನೇತಾಡ್ತಿರೋ ಬಟ್ಟೆ ಚೂರನ್ನ ಎಳೆದೇ ಬಿಡ್ತಾರೆ. ಅವನು ಅದನ್ನ ಕಿತ್ಕೊಂಡು, ಅದರಲ್ಲೇ ಮೂಗು ಒರೆಸಿ, ಒಳ್ಳೆ ಕರ್ಚೀಫ್ ಥರ ನೀಟಾಗಿ ಮಡಿಚಿ ಜೇಬಿಗೆ ಇಟ್ಕೊಳ್ತಾನೆ. ಅಂಗಡಿ ಗಾಜಿನ ಆಚೆ ಕೂತಿರೋ ಹೂವಿನ ಹುಡುಗಿ, ಮುಂಚೆ ಕುರುಡಿ, ಈಗ ಕಣ್ಣು ಬಂದಿದೆ, ಇದನ್ನೆಲ್ಲ ನೋಡಿ ನಗ್ತಾಳೆ. ತನ್ನ ಕಣ್ಣಿಗೆ ದುಡ್ಡು ತಂದುಕೊಟ್ಟು ಜೈಲಿಗೆ ಹೋದವನು ಇವನೇ ಅಂತ ಅವಳಿಗೆ ಗೊತ್ತೇ ಇಲ್ಲ.

ನನ್ನ ಪ್ರಕಾರ ಪಾತ್ರ ಚಿಕ್ಕದಾದ್ರೂ ಆ ಹುಡುಗರಿಲ್ದೆ ಕ್ಲೈಮ್ಯಾಕ್ಸ್ ನಡೆಯೋದೇ ಇಲ್ಲ. ಎಲ್ಲರೂ ಕೊನೇ ಕ್ಲೋಸಪ್ ಬಗ್ಗೆ, ಅವಳು ಕೈ ಮುಟ್ಟಿ ಗುರುತು ಹಿಡಿಯೋದ್ರ ಬಗ್ಗೆ ಪುಟಗಟ್ಟಲೆ ಬರೀತಾರೆ, ಸರಿ, ಆದ್ರೆ ಅದು ಅಷ್ಟು ಚುಚ್ಚೋದು ಯಾಕೆ ಅಂದ್ರೆ ಒಂದು ನಿಮಿಷ ಮುಂಚೆ ಅವಳು ಅವನನ್ನ ನೋಡಿ ನಕ್ಕಿರ್ತಾಳೆ, ನಾವೂ ಅವಳ ಜೊತೆ ನಕ್ಕಿರ್ತೀವಿ, ಆ ನಗು ತರ್ಸಿದ್ದು ಈ ತರಲೆಗಳು.

ಇದರ ಶೂಟಿಂಗ್ ಕಥೆ ಪ್ಯಾರಿಶ್ ದೊಡ್ಡವನಾದ ಮೇಲೆ ತನ್ನ ನೆನಪುಗಳಲ್ಲಿ ಬರೆದಿದಾನೆ, ನನಗೆ ತುಂಬಾ ಇಷ್ಟ ಅದು. ಚಾಪ್ಲಿನ್ ಹಿಂಗೆ ಮಾಡು ಅಂತ ಬರೀ ಬಾಯಲ್ಲಿ ಹೇಳ್ತಿರಲಿಲ್ವಂತೆ. ತಾನೇ ಕೊಳವೆ ತಗೊಂಡು ಬಟಾಣಿ ಊದೋದು, ಓಡಿಹೋಗಿ ಆ ಕಡೆ ನಿಂತು ತಾನೇ ಏಟು ತಿಂದವನ ಹಂಗೆ ಬೆಚ್ಚೋದು, ವಾಪಸ್ ಓಡಿ ಬಂದು ಇನ್ನೊಂದು ಊದೋದು, ಮಧ್ಯೆ ಹೂವಿನ ಹುಡುಗಿಯೂ ತಾನೇ. ಈ ಹುಡುಗರು, ನಾಯಕಿ ವರ್ಜೀನಿಯಾ ಚೆರಿಲ್ ಎಲ್ಲ ಸುಮ್ನೆ ನಿಂತು ನೋಡ್ತಿದ್ರಂತೆ. ಪೂರ್ತಿ ಲೆಕ್ಕ ಕೂಡಿ ಬಂದ ಮೇಲೆ ಮನಸ್ಸಿಲ್ಲದ ಮನಸ್ಸಿಂದ ಪಾತ್ರಗಳನ್ನ ಅವರವರಿಗೆ ವಾಪಸ್ ಕೊಟ್ಟನಂತೆ, ಬಿಟ್ಟಿದ್ರೆ ಎಲ್ಲಾನೂ ತಾನೇ ಮಾಡ್ತಿದ್ದ ಅಂತ ಪ್ಯಾರಿಶ್‌ಗೆ ಅನ್ನಿಸಿತ್ತು. ನಂಬೋ ಮಾತೇ, ಹೂವಿನ ಹುಡುಗಿನ ಮೊದಲ ಸಲ ಭೇಟಿಯಾಗೋ ಒಂದು ಸೀನಿಗೆ 342 ಟೇಕ್ ತೆಗೆದ ಮನುಷ್ಯ. 1928ರ ಕೊನೇಲಿ ಶುರುವಾದ ಶೂಟಿಂಗ್ 1930ರವರೆಗೂ ಎಳೀತು, ಅಷ್ಟರಲ್ಲಿ ಊರೆಲ್ಲ ಟಾಕಿ, ಇವನು ಮಾತ್ರ ಮೂಕಿನೇ ಅಂತ ಹಠ ಹಿಡಿದು 1931ರ ಜನವರೀಲಿ ರಿಲೀಸ್ ಮಾಡಿದ.

ಆಮೇಲೆ ಪ್ಯಾರಿಶ್ ಏನಾದ ಅಂದ್ರಲ್ಲ, ನಟನೆ ಬಿಟ್ಟು ಎಡಿಟಿಂಗ್ ಟೇಬಲ್ ಹಿಡಿದ. ಹಾಲಿವುಡ್ ಡೈರೆಕ್ಟರ್ ಜಾನ್ ಫೋರ್ಡ್ ಕೈಕೆಳಗೆ ಪಳಗಿದ, ಎರಡನೇ ಮಹಾಯುದ್ಧದ ಟೈಮಲ್ಲಿ ನೇವಿ ಸೇರಿ ಫೋರ್ಡ್ ಶೂಟ್ ಮಾಡಿದ ಮಿಡ್‌ವೇ ಕದನದ ಡಾಕ್ಯುಮೆಂಟರಿ ಕಟ್ ಮಾಡಿದ. 1947ರ ಬಾಡಿ ಅಂಡ್ ಸೋಲ್‌ಗೆ ಇನ್ನೊಬ್ಬ ಎಡಿಟರ್ ಜೊತೆ ಆಸ್ಕರ್ ಬಂತು. ಅದು ಬಾಕ್ಸಿಂಗ್ ಸಿನಿಮಾ ಅನ್ನೋದು ನನಗೆ ಮಜಾ, ಯಾಕಂದ್ರೆ ಸಿಟಿ ಲೈಟ್ಸ್‌ನಲ್ಲೂ ಒಂದು ಬಾಕ್ಸಿಂಗ್ ಸೀನ್ ಇದೆ, ಚಾಪ್ಲಿನ್ ರೆಫರಿ ಬೆನ್ನ ಹಿಂದೆ ಅವಿತ್ಕೊಂಡು ಕುಣಿಯೋದು. ಎರಡು ವರ್ಷ ಆದ್ಮೇಲೆ ಆಲ್ ದ ಕಿಂಗ್ಸ್ ಮೆನ್ ವಿಪರೀತ ಉದ್ದ ಆಗಿ ಕೈ ಮೀರಿ ಹೋದಾಗ ಕತ್ತರಿ ಹಾಕೋಕೆ ಇವನನ್ನೇ ಕರೆಸಿದ್ರು, ಆ ಸಲ ಎಡಿಟಿಂಗ್‌ಗೆ ನಾಮಿನೇಷನ್ ಅಷ್ಟೇ, ಬೆಸ್ಟ್ ಪಿಕ್ಚರ್ ಮಾತ್ರ ಆ ಸಿನಿಮಾಗೇ ಬಂತು.

1951ರಿಂದ ಡೈರೆಕ್ಟರ್. ಗ್ರೆಗರಿ ಪೆಕ್ ಇರೋ ದ ಪರ್ಪಲ್ ಪ್ಲೇನ್ ನೋಡಿ, ಕಥೆ ಬರ್ಮಾದಲ್ಲಿ ನಡೆಯುತ್ತೆ, ಶೂಟ್ ಮಾಡಿದ್ದು ಸಿಲೋನ್‌ನಲ್ಲಿ, ಚೆನ್ನಾಗಿದೆ. 1967ರ ಕಸೀನೋ ರಾಯಲ್‌ಗೆ ಐದಾರು ಜನ ಡೈರೆಕ್ಟರ್, ಅದರಲ್ಲಿ ಇವನೂ ಒಬ್ಬ, ಅದನ್ನ ನೋಡ್ದಿದ್ರೂ ನಷ್ಟ ಇಲ್ಲ. ತೀರಿಕೊಂಡಿದ್ದು 1995ರಲ್ಲಿ.