ಜಾಹೀರಾತಿನ ಮುಖ ಬದಲಾಗಿದೆಯೇ?

ಪ್ರಶ್ನೆ: ನಾನು ಹುಡುಗಿಯಾಗಿದ್ದಾಗ ಟೀವಿಯ ಕ್ರೀಮಿನ ಜಾಹೀರಾತುಗಳಲ್ಲಿ ಬೆಳ್ಳಗಿದ್ದವರಿಗಷ್ಟೇ ಗೆಲುವು ಸಿಗುತ್ತಿತ್ತು. ಈಗ ಕಪ್ಪು ಮೈಬಣ್ಣದ ರೂಪದರ್ಶಿಯರೂ ಕಾಣುತ್ತಾರೆ. ಹದಿಮೂರು ವರ್ಷದ ನನ್ನ ಮಗಳು ‘ಹಾಗಾದರೆ ಈಗ ಕಪ್ಪಗಿದ್ದರೂ ಚಂದವೇ ಅಮ್ಮಾ?’ ಎಂದು ಕೇಳುತ್ತಾಳೆ. ಸೌಂದರ್ಯದ ಅಳತೆಗೋಲು ನಿಜಕ್ಕೂ ಬದಲಾಗಿದೆಯೇ?
— ಓದುಗರೊಬ್ಬರು, ಹಾವೇರಿ

ಉತ್ತರ: ‘ಹೌದು, ಚಂದವೇ, ಮೊದಲೂ ಚಂದವೇ ಆಗಿತ್ತು’ ಎಂದು ಮಗಳಿಗೆ ಇಂದೇ ಹೇಳಿ. ಅಳತೆಗೋಲು ಸ್ವಲ್ಪ ಬದಲಾಗಿರುವುದು ನಿಜ, ಆದರೆ ಅದು ತಾನಾಗಿ ಬದಲಾದುದಲ್ಲ.

1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ಯ ಜಾಹೀರಾತೊಂದು ನಿಮಗೆ ನೆನಪಿರಬಹುದು: ಗಂಡುಮಗನಿಲ್ಲವೆಂದು ಕೊರಗುವ ತಂದೆ, ಕ್ರೀಮು ಹಚ್ಚಿ ಬೆಳ್ಳಗಾಗಿ ಗಗನಸಖಿಯಾಗುವ ಮಗಳು. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯ ಪ್ರತಿಭಟನೆಯ ನಂತರ 2003ರಲ್ಲಿ ಅದು ತೆರೆಯಿಂದ ಮರೆಯಾಯಿತು. 2009ರಲ್ಲಿ ಚೆನ್ನೈನಲ್ಲಿ ಆರಂಭವಾದ ‘ಡಾರ್ಕ್ ಈಸ್ ಬ್ಯೂಟಿಫುಲ್’ ಅಭಿಯಾನಕ್ಕೆ ಮುಂದೆ ನಟಿ ನಂದಿತಾ ದಾಸ್ ದನಿಗೂಡಿಸಿದರು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮಹತ್ವದ್ದು 2014ರಲ್ಲಿ ಭಾರತೀಯ ಜಾಹೀರಾತು ಮಾನದಂಡಗಳ ಮಂಡಳಿ ತಂದ ನಿಯಮ. ಕ್ರೀಮು ಹಚ್ಚುವ ಮೊದಲಿನ ರೂಪದರ್ಶಿಯ ಮುಖದಲ್ಲಿ ದುಃಖ, ಖಿನ್ನತೆ, ಚಿಂತೆಗಳನ್ನು ತೋರಿಸಬಾರದೆಂದು ಅದು ಹೇಳಿತು. ನಮ್ಮ ಹೆಣ್ಣುಮಕ್ಕಳನ್ನು ನೋಯಿಸಿದ್ದು ಬಿಳಿಯ ಮುಖದ ನಗುವಿಗಿಂತ ಹೆಚ್ಚಾಗಿ, ಅದಕ್ಕೂ ಮೊದಲು ತಲೆತಗ್ಗಿಸಿ ಕುಳಿತಿದ್ದ ಕಪ್ಪು ಮುಖವೇ ಅಲ್ಲವೇ? ತಮ್ಮ ಬಣ್ಣದವಳಿಗೆ ಕೆಲಸವೂ ಇಲ್ಲ, ವರನೂ ಇಲ್ಲ ಎಂಬ ಪಾಠವನ್ನು ಅವರು ಆ ಮುಖದಿಂದ ಕಲಿತರು.

2020ರಲ್ಲಿ ಆ ಕ್ರೀಮಿನ ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದಾಯಿತು. ‘ಬಿಳುಪು’ ಹೋಗಿ ‘ಕಾಂತಿ’ ಬಂದರೂ, ಕಾಂತಿಯೆಂದು ತೋರಿಸುವ ಮುಖ ಎಷ್ಟೋ ಸಲ ಹಳೆಯ ಬಿಳಿಮುಖವೇ ಆಗಿರುತ್ತದೆ. ಹೊಸದಾಗಿ ಬಂದ ಕಪ್ಪು ರೂಪದರ್ಶಿಯರು ಕೂಡ ಹೆಚ್ಚಾಗಿ ತೆಳ್ಳಗಿನ, ಎಳೆಹರೆಯದ, ಒಂದು ಮೊಡವೆಯ ಕಲೆಯೂ ಇಲ್ಲದವರು. ಬಣ್ಣದ ಬಾಗಿಲು ತೆರೆದಷ್ಟು ವಯಸ್ಸಿನ, ಮೈಕಟ್ಟಿನ ಬಾಗಿಲುಗಳು ತೆರೆದಿಲ್ಲ.

ಆದ್ದರಿಂದ ಜಾಹೀರಾತು ಬಂದಾಗ ಚಾನೆಲ್ ಬದಲಿಸುವ ಬದಲು ಮಗಳ ಜೊತೆ ಕುಳಿತು ನೋಡಿ. ಕಪ್ಪು ಹುಡುಗಿ ಕಥೆಯ ನಾಯಕಿಯೋ ಅಥವಾ ನಾಯಕಿಯ ಗೆಳತಿಯರ ಸಾಲಿನಲ್ಲಿ ಕೊನೆಗೆ ನಿಂತವಳೋ, ಮಾತು ಯಾರದ್ದು, ಬೆಳಕು ಯಾರ ಮೇಲೆ ಬಿದ್ದಿದೆ ಎಂಬುದನ್ನು ಅವಳೇ ಗುರುತಿಸಲಿ.