ಸಂಪಾದಕರ ಉತ್ತರ: ಮಣ್ಣಿನ ಶಾಲೆಗೆ ಬಹುಮಾನ ಯಾಕೆ?

ಕಳೆದ ಸಂಚಿಕೆಯಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಬಗ್ಗೆ ಒಂದು ಪುಟದ ಲೇಖನ ಹಾಕಿದ್ದೆವು. ಅದನ್ನು ಓದಿ ಗದಗ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು:

"ನಮ್ಮಜ್ಜಿಯ ಮನೆ ಮಣ್ಣಿನ ಮಾಳಿಗೆ. ಮಳೆಗಾಲ ಬಂತೆಂದರೆ ಸೋರುವ ಕಡೆಯೆಲ್ಲ ಪಾತ್ರೆ ಇಡೋದೇ ಕೆಲಸ. ವರ್ಷಾ ವರ್ಷಾ ಸವಳು ಮಣ್ಣು ತಂದು ಮೇಲೆ ಹಾಕಬೇಕು. ಅಪ್ಪ ಸಾಲ ಮಾಡಿ ಆರ್‌ಸಿಸಿ ಹಾಕಿಸಿದ ದಿನ ಅಜ್ಜಿ ಖುಷಿಗೆ ಅತ್ತುಬಿಟ್ಟಳು. ನೀವು ನೋಡಿದರೆ ಮಣ್ಣಿನ ಶಾಲೆಗೆ ದೊಡ್ಡ ಬಹುಮಾನ ಬಂತು ಅಂತ ಸಂಭ್ರಮದಿಂದ ಬರೆದಿದ್ದೀರಿ. ಬಡವರು ಮಣ್ಣಲ್ಲೇ ಇರಲಿ ಅಂತಾನಾ? ಇನ್ನೊಂದು ಮಾತು. ಕಟ್ಟಡಕ್ಕೆ ಧರ್ಮ ಇದೆಯಾ? ಮುಸ್ಲಿಮರಿಗೆ ಅಂತ ಬೇರೆ ಬಹುಮಾನ ಯಾಕೆ? ಹೆಂಗಸರಿಗೆ ಯಾರಿಗಾದರೂ ಸಿಕ್ಕಿದೆಯಾ?"

ನಮಸ್ಕಾರ. ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ತಪ್ಪು ನಮ್ಮದೇ. ಶಾಲೆಯ ಚಂದದ ಫೋಟೊ ಹಾಕಿ, ಅದನ್ನು ಹೇಗೆ ಕಟ್ಟಿದರು ಅಂತ ಒಂದು ಸಾಲೂ ಬರೆಯಲಿಲ್ಲ. ಮಳೆಯಲ್ಲಿ ಸೋರುವ ಮನೆಯಲ್ಲಿ ಬೆಳೆದವರು ಆ ಫೋಟೊ ನೋಡಿ ಸಿಟ್ಟಾಗುವುದು ಸಹಜ.

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಗಾಂಡೊ ಊರಿನವರೂ ನಿಮ್ಮ ಹಾಗೇ ಕೇಳಿದ್ದರು. ಡಿಯೆಬೆಡೊ ಫ್ರಾನ್ಸಿಸ್ ಕೆರೆ ಆ ಊರಿನ ಮುಖ್ಯಸ್ಥರ ಮಗ. ಊರಲ್ಲಿ ಶಾಲೆ ಇಲ್ಲದ್ದರಿಂದ ಏಳನೇ ವಯಸ್ಸಿಗೇ ಮನೆ ಬಿಟ್ಟು ಬೇರೆ ಊರಿಗೆ ಓದಲು ಹೋದವರು. ಮರಗೆಲಸದ ತರಬೇತಿಗೆ ಅಂತ ಜರ್ಮನಿಗೆ ಹೋಗಿ, ಅಲ್ಲೇ ವಾಸ್ತುಶಿಲ್ಪ ಕಲಿತರು. ಕಲಿಯುತ್ತಿರುವಾಗಲೇ ಗೆಳೆಯರ ಹತ್ತಿರ ಚಂದಾ ಎತ್ತಿ ತಮ್ಮೂರಿಗೆ ಶಾಲೆ ಕಟ್ಟಲು ಹೊರಟರು. ಮಣ್ಣಲ್ಲಿ ಕಟ್ಟೋಣ ಅಂದಾಗ ಊರವರು ಒಪ್ಪಲಿಲ್ಲ. ಮಣ್ಣಿನ ಗೋಡೆ ಮಳೆಗೆ ಕರಗುತ್ತದೆ, ಇದು ನಮಗೆ ಗೊತ್ತಿಲ್ವಾ ಅಂದರು.

ಅವರ ಮಾತು ನಿಜವೇ. ಹಾಗಾಗಿ ಫ್ರಾನ್ಸಿಸ್ ಕೆರೆ ಹಳೇ ಪದ್ಧತಿಯನ್ನು ಹಾಗೇ ಎತ್ತಿಕೊಳ್ಳಲಿಲ್ಲ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಒತ್ತಿ ಗಟ್ಟಿ ಇಟ್ಟಿಗೆ ಮಾಡಿಸಿದರು. ಮೇಲೆ ತಗಡಿನ ಛಾವಣಿ ಹಾಕಿಸಿದರು. ಆದರೆ ತಗಡನ್ನು ಗೋಡೆಯ ಮೇಲೆ ನೇರವಾಗಿ ಕೂರಿಸಲಿಲ್ಲ. ಕೋಣೆಗಳ ಮೇಲೆ ಇಟ್ಟಿಗೆಯ ಒಳಛಾವಣಿ, ಅದಕ್ಕಿಂತ ಎತ್ತರಕ್ಕೆ ಕಬ್ಬಿಣದ ಸರಳಿನ ಚೌಕಟ್ಟು, ಅದರ ಮೇಲೆ ಗೋಡೆಗಿಂತ ಆಚೆಗೆ ಚಾಚಿದ ತಗಡು. ನಡುವಿನ ಜಾಗದಲ್ಲಿ ಗಾಳಿ ಓಡಾಡಿ ಬಿಸಿಯನ್ನು ಹೊರಗೆ ಒಯ್ಯುತ್ತದೆ. ತಗಡು ಮುಂದೆ ಚಾಚಿರುವುದರಿಂದ ಮಳೆ ಗೋಡೆಗೆ ಹೊಡೆಯುವುದಿಲ್ಲ. ಕೆಲಸ ಮಾಡಿದವರು ಊರವರೇ. ಶಾಲೆ 2001ರಲ್ಲಿ ಮುಗಿಯಿತು, 2004ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. 2022ರಲ್ಲಿ ಕೆರೆಯವರಿಗೆ ವಾಸ್ತುಶಿಲ್ಪದ ಅತಿ ದೊಡ್ಡ ಗೌರವ ಅನ್ನಿಸಿಕೊಂಡ ಪ್ರಿಟ್ಸ್‌ಕರ್ ಪ್ರಶಸ್ತಿಯೂ ಬಂತು.

ನಾವು ಫೋಟೊ ಹಾಕಿದ್ದ ಶಾಲೆ ಇದಲ್ಲ, ಬಾಂಗ್ಲಾದೇಶದ ರುದ್ರಪುರದ್ದು. ಆನ್ನಾ ಹೆರಿಂಗರ್ ಮತ್ತು ಐಕೆ ರೋಸ್ವಾಗ್ ಕಟ್ಟಿಸಿದ್ದು, 2007ರಲ್ಲಿ ಪ್ರಶಸ್ತಿ ಪಡೆದದ್ದು. ಕೆಳಗಿನ ಅಂತಸ್ತು ಮಣ್ಣು, ಮೇಲಿನದು ಬಿದಿರು. ಫೋಟೊದಲ್ಲಿ ಕಾಣದ ಸಂಗತಿ ಏನೆಂದರೆ ಅದರ ಬುನಾದಿ ಇಟ್ಟಿಗೆಯದು. ನೆಲದ ತೇವ ಮೇಲೇರದಂತೆ ತಡೆಯುವ ಪದರವೂ ಇದೆ. ಮಣ್ಣಿನ ಗೋಡೆ ಹಾಳಾಗುವುದು ಬುಡದಿಂದ ಮತ್ತು ತಲೆಯಿಂದ, ಅಲ್ವಾ? ಎರಡೂ ಕಡೆ ಕಾಪಾಡಿದರೆ ಗೋಡೆ ನಿಲ್ಲುತ್ತದೆ. ನಿಮ್ಮಜ್ಜಿಯ ಮನೆಯಲ್ಲಿ ಪ್ರತಿ ವರ್ಷ ಸವಳು ಹಾಕುತ್ತಿದ್ದ ಕೈಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಈ ಪ್ರಶಸ್ತಿ ಕಾಂಕ್ರೀಟನ್ನು ದೂರ ಇಟ್ಟಿಲ್ಲ ಅನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 1989ರಲ್ಲಿ ಬಾಂಗ್ಲಾದೇಶದ ಎರಡು ಕಟ್ಟಡ ಕೆಲಸಗಳಿಗೆ ಒಟ್ಟಿಗೆ ಪ್ರಶಸ್ತಿ ಬಂತು. ಒಂದು ಢಾಕಾದ ಸಂಸತ್ ಭವನ, ಲೂಯಿ ಕಾನ್ ಎಂಬ ದೊಡ್ಡ ಹೆಸರಿನವರ ವಿನ್ಯಾಸ. ಇನ್ನೊಂದು, ಬಡವರಿಗೆ ಸಣ್ಣ ಸಾಲ ಕೊಡುವ ಅಲ್ಲಿನ ಗ್ರಾಮೀಣ ಬ್ಯಾಂಕಿನ ಮನೆ ಸಾಲದ ಯೋಜನೆ. ಬ್ಯಾಂಕು ಕೊಡುತ್ತಿದ್ದದ್ದು ನಾಲ್ಕು ಕಾಂಕ್ರೀಟ್ ಕಂಬ, ಛಾವಣಿಗೆ ತಗಡು, ಪಾಯಿಖಾನೆಯ ಸಾಮಾನು, ಅಷ್ಟೇ. ಗೋಡೆಯನ್ನು ಕುಟುಂಬದವರೇ ಬಿದಿರಿನಲ್ಲೋ ಸೆಣಬಿನ ಕಡ್ಡಿಯಲ್ಲೋ ಕಟ್ಟಿಕೊಳ್ಳಬೇಕು. ನೆರೆ ಬಂದು ಗೋಡೆ ಹೋದರೂ ಕಂಬ ಮತ್ತು ಛಾವಣಿ ಉಳಿಯಬೇಕು ಅನ್ನುವುದು ಲೆಕ್ಕ. ಸಾಲ ಪಡೆಯುವ ಹೆಂಗಸಿನ ಹೆಸರಿಗೇ ಜಾಗ ಇರಬೇಕಿತ್ತು. ನನ್ನನ್ನು ಕೇಳಿದರೆ, ಈ ಪ್ರಶಸ್ತಿ ಗುರುತಿಸಿದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಗಂಡ ಹೊರಗೆ ಹಾಕಿದರೆ ಎಲ್ಲಿಗೆ ಹೋಗಲಿ ಅನ್ನುವ ಹೆಂಗಸಿಗೆ ಆ ಜಾಗದ ಪತ್ರ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಧರ್ಮದ ಪ್ರಶ್ನೆ. ಇಸ್ಮಾಯಿಲಿ ಎಂಬ ಮುಸ್ಲಿಂ ಪಂಗಡದ ಇಮಾಮರು, ಅಂದರೆ ಧರ್ಮಗುರುಗಳು, ಆಗಿದ್ದ ನಾಲ್ಕನೇ ಆಗಾ ಖಾನ್ 1977ರಲ್ಲಿ ಈ ಪ್ರಶಸ್ತಿ ಶುರು ಮಾಡಿದರು. ಮುಸ್ಲಿಮರು ಗಣನೀಯವಾಗಿ ಬದುಕುತ್ತಿರುವ ಸಮಾಜಗಳಲ್ಲಿ ಜನರಿಗೆ ಉಪಯೋಗ ಆಗುವಂಥ ಕಟ್ಟಡ ಯಾವುದು ಅಂತ ಹುಡುಕುವುದು ಅದರ ಕೆಲಸ. ಆ ಕಟ್ಟಡ ಯಾರು ಬೇಕಾದರೂ ಕಟ್ಟಿರಬಹುದು, ಯಾರು ಬೇಕಾದರೂ ಬಳಸಬಹುದು. ನಮ್ಮ ದೇಶದ್ದೇ ನೋಡಿ. 1995ರಲ್ಲಿ ಇಂದೋರಿನ 'ಅರಣ್ಯ' ಎಂಬ ಹೆಸರಿನ ಬಡಾವಣೆಗೆ ಬಂತು. ಬಾಲಕೃಷ್ಣ ದೋಶಿ ಅವರ ಕೆಲಸ ಅದು, ನಮ್ಮ ಬೆಂಗಳೂರಿನ ಐಐಎಂ ಕಟ್ಟಿಸಿದ ಅದೇ ದೋಶಿ. ಸುಮಾರು 6500 ಮನೆಗಳ ಬಡಾವಣೆ. ತೀರಾ ಬಡವರಿಗೆ ನಿವೇಶನದ ಜೊತೆ ಮನೆಯ ಪಾಯ, ನೀರು, ಶೌಚದ ವ್ಯವಸ್ಥೆ ಮಾಡಿಕೊಟ್ಟು, ಕೈಲಾದಾಗ ಕೋಣೆ ಸೇರಿಸಿಕೊಳ್ಳಿ ಅಂತ ಬಿಟ್ಟರು. ಅಲ್ಲಿ ಹಿಂದೂ, ಮುಸ್ಲಿಂ, ಜೈನ ಮನೆಗಳು ಅಕ್ಕಪಕ್ಕ ಇವೆ. 1998ರಲ್ಲಿ ಮಹಾರಾಷ್ಟ್ರದ ಲಾಸೂರಿನ ಕುಷ್ಠರೋಗಿಗಳ ಆಸ್ಪತ್ರೆಗೂ ಬಂತು. ಅದನ್ನು ವಿನ್ಯಾಸ ಮಾಡಿದವರು ನಾರ್ವೆಯ ಇಬ್ಬರು.

ಗಾರೆ ಕೆಲಸದವರನ್ನು ಮರೆಯದ ಪ್ರಶಸ್ತಿ ಅನ್ನುವುದೂ ನನಗೆ ಇಷ್ಟ. ಬಹುಮಾನದ ಹಣ ವಾಸ್ತುಶಿಲ್ಪಿಯೊಬ್ಬರಿಗೇ ಹೋಗುವುದಿಲ್ಲ. ಕಟ್ಟಿದ ಮೇಸ್ತ್ರಿಗೂ ಕಟ್ಟಿಸಿದವರಿಗೂ ಪಾಲು ಇರುತ್ತದೆ. 1983ರಲ್ಲಿ ಮಾಲಿ ದೇಶದ ನಿಯೊನೊ ಊರಿನ ಮಣ್ಣಿನ ಮಸೀದಿಗೆ ಪ್ರಶಸ್ತಿ ಬಂದಾಗ ಅದನ್ನು ಪಡೆದದ್ದು ಲಾಸಿನೆ ಮಿಂಟಾ ಎಂಬ ಮೇಸ್ತ್ರಿ.

ಹೆಂಗಸರ ವಿಷಯ ಕೇಳಿದ್ದೀರಿ. ಹೆರಿಂಗರ್ ಹೆಸರು ಆಗಲೇ ಹೇಳಿದೆ. ಢಾಕಾದ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್ ಎರಡು ಸಲ ಗೆದ್ದಿದ್ದಾರೆ. ಮೊದಲನೆಯದು 2016ರಲ್ಲಿ, ಬೈತುರ್ ರೌಫ್ ಮಸೀದಿಗೆ. ಅವರ ಅಜ್ಜಿ ಕೊಟ್ಟ ಜಾಗ ಅದು. ಕೆಲಸ ಮುಗಿಯುವ ಮೊದಲೇ ಅಜ್ಜಿ ತೀರಿಕೊಂಡರು. ಮೊಮ್ಮಗಳು ತಾನೇ ಹಣ ಕೂಡಿಸಿ ಮುಗಿಸಿದರು. ಅದಕ್ಕೆ ಗುಮ್ಮಟ ಇಲ್ಲ, ಮಿನಾರು ಇಲ್ಲ. ಇಟ್ಟಿಗೆ ಗೋಡೆಯ ಸಂದುಗಳಿಂದ, ಮೇಲಿನ ತೂತುಗಳಿಂದ ಬೆಳಕು ಬೀಳುತ್ತದೆ.

ಎರಡನೆಯದು 2025ರಲ್ಲಿ, ಖುದಿ ಬಾರಿಗೆ. ಬಂಗಾಳಿಯಲ್ಲಿ ಹಾಗೆಂದರೆ ಪುಟ್ಟ ಮನೆ. ನದಿಯ ನಡುವಿನ ಮರಳು ದಿಬ್ಬಗಳ ಮೇಲೆ ಬದುಕುವವರಿಗಾಗಿ ಮಾಡಿದ್ದು. ನದಿ ದಿಬ್ಬವನ್ನು ಯಾವಾಗ ಕೊರೆದು ಒಯ್ಯುತ್ತದೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಬಿದಿರಿನ ಕಂಬಗಳನ್ನು ಉಕ್ಕಿನ ಜೋಡಣೆಗಳಿಂದ ಸೇರಿಸಿದ್ದಾರೆ. ನೀರು ಏರಿದರೆ ಅಟ್ಟದ ಮೇಲೆ ಹೋಗಿ ಕೂರಬಹುದು. ನೆಲವೇ ಹೋಗುವ ಹಾಗಾದರೆ ಮನೆ ಬಿಚ್ಚಿ ಕಟ್ಟಿಕೊಂಡು ಬೇರೆ ದಿಬ್ಬಕ್ಕೆ ಹೋಗಬಹುದು. ಮುಂದಿನ ಸಂಚಿಕೆಯಲ್ಲಿ ಆ ಮನೆಯ ಜೋಡಣೆಯನ್ನು ಚಿತ್ರ ಸಮೇತ ಹಾಕುತ್ತೇವೆ. ಈ ಸಲ ಬುನಾದಿಯಿಂದ ಹಿಡಿದು ಛಾವಣಿಯ ತನಕ ಬರೆಯುತ್ತೇವೆ.

— ಸಂಪಾದಕ