ಸ್ಟೀರಿಂಗ್ ಕಾಲಮ್ ಬಿಚ್ಚುವ ಮೊದಲು

ಬದಿಯಡ್ಕದಿಂದ ಬರೆದಿರುವ ತಾವು, ಹಳೆಯ ಕಾರಿನ ಸ್ಟೀರಿಂಗ್ ತಿರುಗಿಸುವಾಗ ‘ಟಕ್’ ಎಂದು ಸದ್ದಾಗುತ್ತಿದೆ, ಕಾಲಮನ್ನು (ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ದಂಡದ ಜೋಡಣೆಯನ್ನು) ಮನೆಯಲ್ಲೇ ಬಿಚ್ಚಬಹುದೇ ಎಂದು ಕೇಳಿದ್ದೀರಿ. ಬಿಚ್ಚಬಾರದೆಂಬುದೇ ನನ್ನ ಅಭಿಪ್ರಾಯ. ಆದರೆ ದೋಷ ಎಲ್ಲಿದೆಯೆಂದು ನೀವೇ ನೋಡಬಹುದು. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ತುಸುವೇ ಅಲುಗಿಸುತ್ತಿರುವಾಗ ಇನ್ನೊಬ್ಬರು ಪೆಡಲ್‌ಗಳ ಬಳಿಯ ಯುನಿವರ್ಸಲ್ ಜಾಯಿಂಟನ್ನು (ಎರಡು ದಂಡಗಳನ್ನು ಓರೆಯಾಗಿ ಜೋಡಿಸುವ ಕೀಲನ್ನು) ಟಾರ್ಚ್ ಬೆಳಕಿನಲ್ಲಿ ಗಮನಿಸಲಿ. ಅದರ ಮೇಲ್ಭಾಗ ತಿರುಗಿದರೂ ಕೆಳಭಾಗ ತಡವಾಗಿ ತಿರುಗಿದರೆ ಜಾಯಿಂಟ್ ಸವೆದಿದೆ ಎಂದರ್ಥ. ಎರಡೂ ಒಟ್ಟಿಗೇ ತಿರುಗಿದರೆ ರ್‍ಯಾಕ್, ಟೈರಾಡ್‌ಗಳನ್ನು, ಅಂದರೆ ಸ್ಟೀರಿಂಗಿನ ತಿರುಗುವಿಕೆಯನ್ನು ಚಕ್ರಗಳಿಗೆ ಮುಟ್ಟಿಸುವ ಭಾಗಗಳನ್ನು, ಪರೀಕ್ಷಿಸಬೇಕು (ಮಳೆಗಾಲ ಕಳೆದ ನಮ್ಮ ಒಳರಸ್ತೆಗಳನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ).

ಏರ್‌ಬ್ಯಾಗ್ ಇರುವ ಕಾರಾದರೆ, ಬ್ಯಾಟರಿ ಕಳಚಿದ ಮೇಲೂ ಅದನ್ನು ಸಿಡಿಸಬಲ್ಲ ವಿದ್ಯುತ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಆದ್ದರಿಂದ ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸಿ, ಬೋಲ್ಟ್‌ಗಳನ್ನು ನಿಗದಿತ ಬಿಗಿತಕ್ಕೆ ಅಳೆದು ತಿರುಗಿಸುವ ಟಾರ್ಕ್ ರೆಂಚ್‌ನಿಂದಲೇ ಬಿಗಿಯುವಂತೆ ಹೇಳಿರಿ.